ಮಕ್ಕಳು ಆಡೋ ಜಾಗಾನೂ ಅಳೀಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ.

ಮಕ್ಕಳು ಮೊಬೈಲ್ ಬಿಟ್ಟು ಏಳಲ್ಲ ಅಂತ ಎಲ್ರೂ ಬೈತಾರೆ, ಎದ್ದು ಹೋಗೋಕೆ ಜಾಗ ಎಲ್ಲಿದೆ ಅಂತ ಯಾರೂ ಕೇಳಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪೀಚ್ ಅನ್ನೋ ಅಧ್ಯಯನದಲ್ಲಿ 10-11 ವರ್ಷದ ಮಕ್ಕಳ ಸೊಂಟಕ್ಕೆ ಅಕ್ಸೆಲೆರೋಮೀಟರ್ ಕಟ್ಟಿ ಜೊತೆಗೊಂದು ಜಿಪಿಎಸ್ ಕೊಟ್ಟು ಸ್ಕೂಲ್ ಬಿಟ್ಮೇಲೆ ಏನ್ಮಾಡ್ತಾರೆ ನೋಡಿದ್ರು, ಮೈ ಎಷ್ಟು ಅಲ್ಲಾಡ್ತು ಅಂತ ಒಂದು ಹೇಳುತ್ತೆ, ಎಲ್ಲಿ ಅಂತ ಇನ್ನೊಂದು, ಸಿಗ್ನಲ್ ಇಲ್ದಿದ್ರೆ ಮಗು ಒಳಗಿದೆ ಅಂತ ಲೆಕ್ಕ. ಒಳಗಿದ್ದಾಗಿನ ಚಟುವಟಿಕೆಗೆ ಹೋಲಿಸಿದ್ರೆ ಹೊರಗಿದ್ದಾಗಿಂದು ಎರಡು ಪಟ್ಟಿಗಿಂತ ಜಾಸ್ತಿ ಬಂತು. (ನಮ್ಮಜ್ಜಿ ಮೀಟರ್ ಇಲ್ದೇನೇ ಹೇಳ್ತಿದ್ರು ಬಿಡಿ.)

ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ 168 ಮಕ್ಕಳಿಗೆ ಕ್ಯಾಮೆರಾನೇ ಹಾಕಿದ್ರು, 7 ಸೆಕೆಂಡಿಗೊಂದು ಫೋಟೋ! ಜಂಕ್ ಫುಡ್ ಪ್ರಚಾರ ದಿನಕ್ಕೆ ಸರಾಸರಿ 27 ಸಲ ಮಕ್ಕಳ ಎದುರಿಗೆ ಬರುತ್ತೆ ಅಂತ ಗೊತ್ತಾಯ್ತು. ಉಪಯೋಗ ಇದೆ, ಆದ್ರೂ ಕ್ಯಾಮೆರಾ ನಂಗೆ ಅತಿ ಅನ್ಸುತ್ತೆ.

ನಮ್ಮ ಊರುಗಳಲ್ಲೂ ಸೊಂಟದ ಮೀಟರ್, ಜಿಪಿಎಸ್ ಇಟ್ಟು ನೋಡ್ಲಿ, ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ದಣಿಯೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ಯಾವ ಏರಿಯಾದಲ್ಲಿ ಆಗ್ತಿದೆ, ಎಲ್ಲಿ ಇಲ್ಲ ಅಂತ ಮ್ಯಾಪಲ್ಲೇ ಕಾಣುತ್ತೆ. ಅಪ್ಪ ಅಮ್ಮನ ಒಪ್ಪಿಗೆ ತಗೊಳ್ಳಿ, ಮಗೂನೂ ಕೇಳಿ, ಮನೆ ಎಲ್ಲಿದೆ ಅನ್ನೋ ಡೇಟಾ ಮಾತ್ರ ಯಾವ ಕಂಪನಿ ಕೈಗೂ ಹೋಗ್ಬಾರ್ದು.

– ಒಬ್ಬ ಓದುಗ, ಮೈಸೂರು