ತೊಗರಿ ಬೀಜಕ್ಕೆ ಇಳಿದ ಚೈನ್‌ಸಾ ಎಣ್ಣೆ

ಮಾನ್ಯ ಸಂಪಾದಕರೇ,

ಬದುವಿನ ಬಳ್ಳಾರಿ ಜಾಲಿ ಕಡಿಯಲು ನಾನೊಂದು ಚೈನ್‌ಸಾ (ಪೆಟ್ರೋಲಿನಿಂದ ಓಡುವ ಚೈನ್ ಗರಗಸ) ತಂದಿದ್ದೇನೆ. ಕಳೆದ ಮೇ ತಿಂಗಳಲ್ಲಿ ಅದನ್ನು ತಗಡಿನ ಶೆಡ್ಡಿನಲ್ಲಿ, ಬಿತ್ತನೆಗೆ ಎತ್ತಿಟ್ಟ ತೊಗರಿ ಚೀಲದ ಮೇಲೆ ಇಟ್ಟಿದ್ದೆ. ಎಂಟು ದಿನ ಬಿಟ್ಟು ನೋಡಿದರೆ ಚೈನಿನ ಎಣ್ಣೆಯೆಲ್ಲ ಚೀಲದೊಳಗೆ ಇಳಿದಿತ್ತು. ಅರ್ಧ ಚೀಲ ಬೀಜ ಹಾಳು. ಹೊಟ್ಟೆ ಉರಿಯದೆ ಇರುತ್ತಾ?

ಮಷಿನ್ ಕೆಟ್ಟಿದೆ ಅಂದುಕೊಂಡೆ. ರಿಪೇರಿಯವರು ಬಿಚ್ಚಿ ತೋರಿಸಿದ ಮೇಲೆ ಗೊತ್ತಾಯಿತು, ಕಾರಣ ನಮ್ಮ ಕಲಬುರಗಿ ಬಿಸಿಲು. ಕಾದ ಶೆಡ್ಡಿನಲ್ಲಿ ಟ್ಯಾಂಕಿನೊಳಗಿನ ಗಾಳಿ ಹಿಗ್ಗುತ್ತದೆ, ಎಣ್ಣೆಯೂ ತೆಳುವಾಗುತ್ತದೆ. ಬಾರ್‌ಗೆ (ಚೈನ್ ಸುತ್ತುವ ಉದ್ದನೆಯ ಪಟ್ಟಿಗೆ) ಎಣ್ಣೆ ಹೋಗುವ ತೂತಿನಿಂದಲೇ ಅದು ಹೊರಗೆ ಬರುತ್ತದೆ. ಬಾರ್ ಹಿಂದೆ ಮೆತ್ತಿದ ಮರದ ಪುಡಿಯೂ ಎಣ್ಣೆ ಹೀರಿಕೊಂಡು ಆಮೇಲೆ ತೊಟ್ಟಿಕ್ಕುತ್ತದೆ. ನಮ್ಮದರಲ್ಲಿ ಮುಚ್ಚಳದ ರಬ್ಬರ್ ವಾಶರ್ ಕೂಡ ಸೀಳಿತ್ತು.

ಈಗ ಮಷಿನ್ ತಣ್ಣಗಾದ ಮೇಲೆ ಎಣ್ಣೆ, ಪೆಟ್ರೋಲ್ ಎರಡನ್ನೂ ಬೇರೆ ಬೇರೆ ಡಬ್ಬಿಗೆ ಬಗ್ಗಿಸುತ್ತೇನೆ. ಪುಡಿ ಒರೆಸಿ, ಕೆಳಗೆ ಹಳೆಯ ತಗಡಿನ ತಟ್ಟೆ ಇಟ್ಟು, ನೆರಳಿನ ಕೋಣೆಯಲ್ಲಿ ಇಡುತ್ತೇನೆ. ಬೀಜ, ಮೇವು, ಗೊಬ್ಬರದ ಹತ್ತಿರ ಮಾತ್ರ ಇಡುವುದಿಲ್ಲ.

ಮಷಿನ್ ಮಾರುವಾಗ ಈ ನಾಲ್ಕು ಮಾತು ಕನ್ನಡದಲ್ಲಿ ಹೇಳಲು ಎಷ್ಟು ಹೊತ್ತು ಬೇಕು? ಅಂಗಡಿಯವರು, ರೈತ ಸಂಪರ್ಕ ಕೇಂದ್ರದವರು ದಯವಿಟ್ಟು ಬೇಸಿಗೆಗೆ ಮೊದಲೇ ಇದನ್ನು ರೈತರಿಗೆ ತಿಳಿಸಲಿ.

– ಒಬ್ಬ ತೊಗರಿ ಬೆಳೆಗಾರ, ಆಳಂದ ತಾಲ್ಲೂಕು, ಕಲಬುರಗಿ ಜಿಲ್ಲೆ