ಅಗಸ್ತ್ಯಕೂಡಕ್ಕೆ ಹೊರಟ ಮಗಳಿಗೆ

ನೀರ್ಚಾಲು
ಡಿಸೆಂಬರ್ ತಿಂಗಳ ಕೊನೆಯ ಭಾನುವಾರ

ಪ್ರೀತಿಯ ಮಗಳೇ,

ನೀನೂ ನಿನ್ನ ಗೆಳತಿಯೂ ತಿರುವನಂತಪುರದ ಕಡೆಯ ಅಗಸ್ತ್ಯಕೂಡ ಬೆಟ್ಟದ ಚಾರಣಕ್ಕೆ ಹೆಸರು ಕೊಡಲು ನಿಶ್ಚಯಿಸಿದ ಸಂಗತಿಯನ್ನು ಮೊನ್ನೆ ಫೋನಿನಲ್ಲಿ ತಿಳಿಸಿದಾಗ ನಾನು ಹೆಚ್ಚು ಮಾತಾಡಲಿಲ್ಲ. ಅಮ್ಮನಿಗೆ ಇಷ್ಟವಿಲ್ಲವೆಂದು ನೀನು ತಿಳಿದುಕೊಂಡೆಯಂತೆ, ಅಪ್ಪ ಹೇಳಿದರು. ಹಾಗೇನೂ ಇಲ್ಲ. ಹೇಳಬೇಕಾದದ್ದು ಫೋನಿನಲ್ಲಿ ಮುಗಿಯುವಂಥದ್ದಾಗಿರಲಿಲ್ಲ, ಅದರಲ್ಲಿ ನನ್ನದೇ ಒಂದು ಪೆದ್ದುತನದ ಕಥೆಯೂ ಇತ್ತು, ಅದಕ್ಕಾಗಿ ಬರೆಯುತ್ತಿದ್ದೇನೆ.

"ಅವಳು ಹಿಮಾಲಯದಲ್ಲಿ ನಾಲ್ಕು ಸಲ ನಡೆದವಳು, ಅವಳಿರುವಾಗ ನನಗೇನು ಭಯ" ಎಂದು ನೀನು ಹೇಳಿದೆಯಲ್ಲ, ನನ್ನನ್ನು ಚಿಂತೆಗೆ ಹಚ್ಚಿದ್ದು ಆ ಮಾತೇ. ಮೂವತ್ತು ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದನ್ನೇ ನಿನ್ನ ಅಜ್ಜಿಗೆ ಹೇಳಿ ನಾನು ಕುಮಾರಪರ್ವತಕ್ಕೆ ಹೊರಟಿದ್ದೆ. ನಾನಾಗ ಶಾಲೆಗೆ ಸೇರಿ ಎರಡು ವರ್ಷವಾಗಿದ್ದ ಗಣಿತದ ಅಧ್ಯಾಪಿಕೆ. ನನ್ನ ಜೊತೆ ಬಂದವರು ನನಗಿಂತ ಹದಿನೈದು ವರ್ಷ ಹಿರಿಯರಾಗಿದ್ದ, ಆ ಬೆಟ್ಟವನ್ನು ಅದಾಗಲೇ ಮೂರು ಸಲ ಹತ್ತಿದ್ದ ನಮ್ಮ ಶಾಲೆಯ ಟೀಚರ್. ಗುಡ್ಡೆಯ ಮೇಲಿನ ಮನೆಯಲ್ಲಿ ಹುಟ್ಟಿ ಬೆಳೆದ ನನಗೆ ಹತ್ತುವುದೆಂದರೆ ದೊಡ್ಡ ವಿಷಯವೆಂದು ಅನಿಸಿರಲಿಲ್ಲ. ಕಾಸರಗೋಡು ಪೇಟೆಯಿಂದ ಎರಡು ದಿನ ಮೊದಲಷ್ಟೇ ಕೊಂಡ ಹೊಸ ಕ್ಯಾನ್ವಾಸ್ ಶೂ ಹಾಕಿಕೊಂಡು ಕುಕ್ಕೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು.

ಮೊದಲಿನ ದಾರಿಯೆಲ್ಲ ದಟ್ಟ ಕಾಡು, ಮರದ ಬೇರುಗಳೇ ಮೆಟ್ಟಿಲು. ಭೀಮನ ಬಂಡೆಯ ಹತ್ತಿರ ತಲುಪುವಾಗ ನನ್ನ ಬಲಹಿಮ್ಮಡಿ ಬೆಚ್ಚಗಾಗತೊಡಗಿತ್ತು. ನೋವಲ್ಲ, ಹಂಚಿನ ಮೇಲೆ ಕಾಲಿಟ್ಟಂತೆ ಒಂದು ಬಿಸಿ, ಅಷ್ಟೇ. ಟೀಚರ್ ತಿರುಗಿ "ಹೇಗಿದ್ದಿ?" ಎಂದು ಕೇಳಿದರು, ನಾನು "ಏನೂ ತೊಂದರೆಯಿಲ್ಲ" ಎಂದೆ. ಗಿರಿಗದ್ದೆಗೆ ತಲುಪುವ ತನಕ ಅವರು ಇನ್ನೂ ಮೂರು ಸಲ ಕೇಳಿದ್ದು ನೆನಪಿದೆ, ಮೂರು ಸಲವೂ ಉತ್ತರ ಅದೇ. ಕರೆದುಕೊಂಡು ಬಂದವರಿಗೆ ಹೊರೆಯಾಗಬಾರದೆಂಬ ಸಂಕೋಚ ಒಂದು ಕಡೆ. ನನ್ನನ್ನು ಇನ್ನೊಮ್ಮೆ ಕರೆಯಲಿಕ್ಕಿಲ್ಲ ಎಂಬ ಭಯ ಇನ್ನೊಂದು ಕಡೆ.

ರಾತ್ರಿ ಗಿರಿಗದ್ದೆಯಲ್ಲಿ ತಂಗಿದೆವು. ಎಲ್ಲರೂ ಮಲಗಿದ ಮೇಲೆ ನಾನು ಹೊದಿಕೆಯೊಳಗೆ ಟಾರ್ಚ್ ಹಿಡಿದು ಕಾಲುಚೀಲ ಬಿಚ್ಚಲು ಹೋದರೆ ಅದು ಹಿಮ್ಮಡಿಗೆ ಅಂಟಿಕೊಂಡು ಬರಲೊಲ್ಲದು. ನೀರು ಹನಿಸಿ ಮೆಲ್ಲಗೆ ಎಳೆದಾಗ ಕಂಡದ್ದು ರೂಪಾಯಿ ನಾಣ್ಯದಷ್ಟು ಅಗಲದ ಬೊಕ್ಕೆ. ಮೇಲಿನ ಚರ್ಮ ನೀರಲ್ಲಿ ನೆನೆದ ಕಾಗದದಂತೆ ಬೆಳ್ಳಗಾಗಿ ಒಂದು ಅಂಚಿನಲ್ಲಿ ಹರಿದಿತ್ತು, ಹರಿದ ಕಡೆ ಕಾಲುಚೀಲದ ನೀಲಿ ನೂಲೊಂದು ಒಳಗೆ ಸಿಕ್ಕಿಕೊಂಡಿತ್ತು. ಅದನ್ನು ಕಿತ್ತು, ಇದ್ದ ತೆಂಗಿನೆಣ್ಣೆಯನ್ನು ಹಚ್ಚಿ, ಬೈರಾಸಿನ ತುಂಡೊಂದನ್ನು ಸುತ್ತಿ ಮಲಗಿದೆ. ಆಗಲೂ ಪಕ್ಕದಲ್ಲೇ ಇದ್ದ ಟೀಚರನ್ನು ಎಬ್ಬಿಸಲಿಲ್ಲ.

ಮರುದಿನ ಕತ್ತಲಿರುವಾಗಲೇ ಎದ್ದು ಹುಲ್ಲುಗಾವಲನ್ನು ಹತ್ತಿದೆವು. ಕಲ್ಲುಮಂಟಪ ದಾಟುವಾಗ ನಾನು ಹಿಮ್ಮಡಿ ಊರದೆ ಬೆರಳುಗಳ ಮೇಲೆಯೇ ನಡೆಯುತ್ತಿದ್ದೆ, ಶೇಷಪರ್ವತದ ಮೇಲೆ ನಿಂತಾಗ ಎಡಮೊಣಕಾಲೂ ಹಿಡಿದುಕೊಂಡಿತ್ತು. ಅಲ್ಲಿಂದ ದಾರಿ ಇಳಿದು ಶೋಲಾ ಕಾಡಿನೊಳಗೆ ಹೋಗಿ, ಕೊನೆಯಲ್ಲಿ ಒಂದು ಬಂಡೆಯನ್ನೇರಿ ಶಿಖರ ಸೇರುತ್ತದೆ. ಆ ಇಳಿತದಲ್ಲಿ, ಹಿಮ್ಮಡಿಯನ್ನು ಕಾಪಾಡುವುದಕ್ಕಾಗಿ ಅಡ್ಡಕ್ಕೆ ಇಟ್ಟ ಪಾದ ಜಾರಿ ಕಣಕಾಲು ತಿರುಚಿತು. ಟೀಚರ್ ಬಂದು ಕೂತು ಶೂ ಬಿಚ್ಚಿದರು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಿನ್ನೆ ಭೀಮನ ಬಂಡೆಯ ಹತ್ತಿರ ಹೇಳಿದ್ದರೆ ಎರಡಿಂಚು ಪ್ಲಾಸ್ಟರಿನಲ್ಲಿ ಮುಗಿಯುತ್ತಿತ್ತು. ದಾರಿ ನನಗೆ ಗೊತ್ತುಂಟು, ನಿನ್ನ ಹಿಮ್ಮಡಿಯ ಸುದ್ದಿ ನನಗೆ ಯಾರು ಹೇಳಬೇಕು?" ಎಂದರು. ಶಿಖರ ಎದುರಿಗೇ ಇತ್ತು. ಅಲ್ಲಿಂದಲೇ ಹಿಂದಿರುಗಿದೆವು. ನನ್ನ ಚೀಲವನ್ನೂ ಅವರೇ ಹೊತ್ತರು. ಕುಕ್ಕೆಯ ದೀಪಗಳು ಕಾಣುವಾಗ ರಾತ್ರಿ ಎಂಟು ದಾಟಿತ್ತು. ಅವರ ನಾಲ್ಕನೆಯ ಯಾತ್ರೆಯನ್ನು ನಾನು ಹೀಗೆ ಕೆಡಿಸಿದೆ.

ಹತ್ತುವ ಸಮಯವನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ನೈಸ್ಮಿತ್ ಎಂಬವರು 1892ರಲ್ಲಿ ಕೊಟ್ಟ ಒಂದು ಸೂತ್ರವಿದೆ: ಐದು ಕಿಲೋಮೀಟರಿಗೆ ಒಂದು ಗಂಟೆ, ಏರಬೇಕಾದ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆಯಿಂದ ದಾರಿ ಸುಮಾರು 13 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ಲೆಕ್ಕ ಹಾಕಿದರೆ ಐದೂಕಾಲು ಗಂಟೆ ಬರುತ್ತದೆ. ನನಗೆ ಶೇಷಪರ್ವತದವರೆಗೇ ಏಳು ಗಂಟೆಯ ನಡಿಗೆ ಹಿಡಿದಿತ್ತು. ಆ ಸೂತ್ರದಲ್ಲಿ ಹಿಮ್ಮಡಿಗೆ ಜಾಗವಿಲ್ಲ, ಹೊಸಬಳ ಸಂಕೋಚಕ್ಕಂತೂ ಇಲ್ಲವೇ ಇಲ್ಲ.

ಅಗಸ್ತ್ಯಕೂಡ 1,868 ಮೀಟರ್ ಎತ್ತರ. ನನಗೆ ಅಂಜಿಕೆ ಇರುವುದು ಎತ್ತರದ ಬಗ್ಗೆಯಲ್ಲ, ನಡೆಯಬೇಕಾದ ಕ್ರಮದ ಬಗ್ಗೆ. ಚಾರಣ ಶುರುವಾಗುವ ಬೋಣಕ್ಕಾಡಿನಿಂದ ಅತಿರುಮಲದ ಶಿಬಿರದವರೆಗೆ ಮೊದಲ ದಿನವೇ ಸುಮಾರು 14 ಕಿಲೋಮೀಟರ್. ನಡುವೆ ತೊರೆಗಳನ್ನು ದಾಟುವಾಗ ಶೂ ಒದ್ದೆಯಾದರೆ ಚರ್ಮ ಮೆತ್ತಗಾಗಿ ಬೊಕ್ಕೆ ಏಳಲು ಅದೇ ಸಾಕು. ಆ ದಾರಿಯಲ್ಲಿ ಮುಟ್ಟಿಡಿಚ್ಚಾನ್ ಎಂಬ ಏರು ಇದೆ. ಮಲಯಾಳ ಬಲ್ಲ ಕಾಸರಗೋಡಿನವರಾದ ನಮಗೆ 'ಮಂಡಿ ಬಡಿಯುವುದು' ಎಂಬ ಆ ಹೆಸರಿನ ಅರ್ಥವನ್ನು ಬೇರೆಯವರು ಹೇಳಬೇಕಾಗಿಲ್ಲ, ಹತ್ತುವಾಗ ಮೊಣಕಾಲು ಎಲ್ಲಿ ಬಡಿಯುತ್ತದೆಂದು ನೀನೇ ಊಹಿಸಿಕೊ. ಪೊಂಗಾಲಪ್ಪಾರೆ ಎಂಬ ಬಂಡೆಯೂ ಹಗ್ಗ ಹಿಡಿದು ಹತ್ತಬೇಕಾದ ಬಂಡೆಗಳೂ ಬರುವುದು ಎರಡನೆಯ ದಿನ, ಅಂದರೆ ದಣಿದ ಕಾಲುಗಳಿಗೆ. ಮೊದಲ ದಿನ ಬಚ್ಚಿಟ್ಟದ್ದೆಲ್ಲ ಅಲ್ಲಿ ಹೊರಬರುತ್ತದೆ. ಇಳಿಯುವುದು ಸುಲಭವೆಂದೂ ತಿಳಿಯಬೇಡ. ಇಳಿಯುವಾಗ ತೊಡೆಯ ಸ್ನಾಯುಗಳು ಉದ್ದವಾಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ ನಡುಕ ಹುಟ್ಟುವುದೂ ಮಂಡಿ ನೋಯುವುದೂ ಆಗಲೇ.

ಹೊರಡುವ ಮೊದಲೇ ನಿನ್ನ ಗೆಳತಿಯೊಂದಿಗೆ ಕೂತು ಮಾತಾಡಿಕೊ. ಮೊದಲ ಒಂದು ಗಂಟೆ ಕಳೆದ ಕೂಡಲೇ ಇಬ್ಬರೂ ನಿಂತು ಶೂ ಬಿಚ್ಚಿ ಪಾದ ನೋಡಿಕೊಳ್ಳಿ, ಏನೂ ಆಗಿಲ್ಲದಿದ್ದರೂ ಸರಿ. ನಿಧಾನವಾಗಿ ನಡೆಯುವ ನೀನು ಮುಂದೆ ನಡೆ, ಅವಳು ಹಿಂದೆ ಬರಲಿ. ನುರಿತವರು ಮುಂದಿದ್ದರೆ ಅವರಿಗೇ ತಿಳಿಯದಂತೆ ವೇಗ ಹೆಚ್ಚುತ್ತದೆ. "ಸಾಕಾಯಿತು" ಎಂದರೆ ಅವಳಿಗೆ ಏನೂ ತಿಳಿಯುವುದಿಲ್ಲ. "ಬಲಹಿಮ್ಮಡಿ ಅರ್ಧ ಗಂಟೆಯಿಂದ ಬಿಸಿಯಾಗಿದೆ", "ಎರಡು ಗಂಟೆಯಿಂದ ನೀರು ಕುಡಿದಿಲ್ಲ, ತಲೆ ಭಾರವಾಗಿದೆ" ಎಂದು ಜಾಗವನ್ನೂ ಹೊತ್ತನ್ನೂ ಸೇರಿಸಿ ಹೇಳು. ಬಹಳ ಸಲ ನಡೆದವರಿಗೆ ಮೊದಲ ಸಲದ ಮೈ ಹೇಗಿರುತ್ತದೆಂದು ಮರೆತುಹೋಗಿರುತ್ತದೆ, ಅದು ಅವರ ತಪ್ಪೂ ಅಲ್ಲ.

ಉಳಿದ ತಯಾರಿಯನ್ನು ಅವಳೇ ಹೇಳಿಕೊಟ್ಟಾಳು. ನಾನು ಹೇಳುವುದು ಕಾಲಿನ ಬಗ್ಗೆ ಮಾತ್ರ: ಶೂ ಈಗಲೇ ಕೊಂಡು ದಿನಾ ಹಾಕಿಕೊಂಡು ನಡೆ, ಹತ್ತಿಯ ಕಾಲುಚೀಲ ಬೆವರನ್ನು ಹಿಡಿದಿಡುತ್ತದೆ, ಅದು ಬೇಡ, ರಾತ್ರಿ ಶಿಬಿರದಲ್ಲಿ ಹಾಕಲೆಂದೇ ಒಣಗಿದ ಒಂದು ಜೊತೆಯನ್ನು ಪ್ಲಾಸ್ಟಿಕ್ಕಿನೊಳಗೆ ಕಟ್ಟಿಡದೆ ಬಟ್ಟೆಯಲ್ಲೇ ಸುತ್ತಿಡು, ಆ ಕಾಡಿಗೆ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಉಗುರು ಕತ್ತರಿಸಿಕೊ, ಇಲ್ಲವಾದರೆ ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ಅಗಸ್ತ್ಯರ ಬೆಟ್ಟವೆಂದರೆ ನನಗೆ ಹಳೆಯ ಆಸೆ. ನನ್ನ ಪ್ರಾಯದಲ್ಲಿ ಹೆಂಗಸರನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ಅಗಸ್ತ್ಯರು ಬ್ರಹ್ಮಚಾರಿಯೆಂಬುದು ಅಲ್ಲಿನ ಕಾಣಿ ಬುಡಕಟ್ಟಿನ ಜನರ ನಂಬಿಕೆ. 2018ರಲ್ಲಿ ಹೈಕೋರ್ಟಿನ ತೀರ್ಪು ಬಂದು, 2019ರ ಜನವರಿಯಲ್ಲಿ ಧನ್ಯಾ ಸನಲ್ ಹತ್ತಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನನ್ನ ಮಂಡಿಗಳ ಕಾಲ ಮುಗಿದಿತ್ತು. ಅದೇ ಕಾಣಿ ಜನರೊಡನೆ 1987ರಲ್ಲಿ ಆ ಕಾಡು ಸುತ್ತಿದ ಸಸ್ಯವಿಜ್ಞಾನಿಗಳು ದಣಿದು ಕೂತಾಗ ಅವರು ತಾವು ತಿನ್ನುತ್ತಿದ್ದ ಸಣ್ಣ ಕಾಯಿಯನ್ನು ಇವರಿಗೂ ಕೊಟ್ಟರಂತೆ. ಮೈಗೆ ಹೊಸ ಚೈತನ್ಯ ಬಂತಂತೆ. ಆರೋಗ್ಯಪಚ್ಚ ಎಂಬ ಆ ಗಿಡದಿಂದಲೇ ಮುಂದೆ 'ಜೀವನಿ' ಎಂಬ ಔಷಧ ಬಂದದ್ದು. ದಣಿವನ್ನು ಮುಖದಲ್ಲಿ ತೋರಿಸದೆ ಮೀಸೆ ತಿರುವಿಕೊಂಡು ನಡೆದಿದ್ದರೆ ಆ ಕಾಯಿ ವಿಜ್ಞಾನಿಗಳ ಕೈಗೆ ಬರುತ್ತಿತ್ತೋ ಇಲ್ಲವೋ. ಹಾಗೆಂದು ನೀನು ಕಾಡಿನಲ್ಲಿ ಕಂಡದ್ದನ್ನೆಲ್ಲ ಕಿತ್ತು ಬಾಯಿಗೆ ಹಾಕಬೇಡ. ಅವಲಕ್ಕಿ, ಬೆಲ್ಲ, ಉಪ್ಪಿಗೆ ಹಾಕಿದ ನೆಲ್ಲಿಕಾಯಿ ಕಟ್ಟಿಕೊಡುತ್ತೇನೆ.

ಬರುವ ಶನಿವಾರ ಕೊಚ್ಚಿಯಿಂದ ಗೆಳತಿಯನ್ನೂ ಕರೆದುಕೊಂಡು ಬಾ. ಹೊಸ ಶೂ ಹಾಕಿಕೊಂಡೇ ರೈಲು ಹತ್ತು. ಭಾನುವಾರ ಬೆಳಗಾಗುವ ಮೊದಲು ಅಪ್ಪ ನಮ್ಮನ್ನು ಧರ್ಮತ್ತಡ್ಕದವರೆಗೆ ಕಾರಿನಲ್ಲಿ ಬಿಡುತ್ತಾರೆ. ಅಲ್ಲಿಂದ ಪೊಸಡಿಗುಂಪೆ ಗುಡ್ಡೆಗೆ ಮೂವರೂ ನಡೆಯೋಣ, ಬೆಟ್ಟಕ್ಕೆ ಒಯ್ಯುವ ಚೀಲವನ್ನು ಅಷ್ಟೇ ಭಾರ ತುಂಬಿ ಹೊತ್ತುಕೊಂಡು. ನಾನು ಮುಂದೆ ನಡೆಯುತ್ತೇನೆ. ಮಂಡಿ ಎಲ್ಲಿ ಹಿಡಿಯುತ್ತದೆಯೋ ಅಲ್ಲೇ ಹೇಳುತ್ತೇನೆ, ನಿಂತುಬಿಡೋಣ.

ನಿನ್ನ
ಅಮ್ಮ