ಬೆಕ್ಕಿನ ನಾತಕ್ಕೆ ಊದಿನಕಡ್ಡಿ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ,

ಬಾಡಿಗೆ ಮನೆಯಲ್ಲಿ ಬೆಕ್ಕು ಸಾಕುವವರಿಂದ ಇಡೀ ಚಾಳಿಗೆ ನಾತ, ಅಂಥವರಿಗೆ ಮನೆಯನ್ನೇ ಕೊಡಬಾರದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಪಕ್ಕದವರ ಒಗ್ಗರಣೆಯ ಘಾಟೇ ನಮ್ಮ ಪಡಸಾಲೆಗೆ ಬರುತ್ತದೆ, ಇನ್ನು ಬೆಕ್ಕಿನ ಉಚ್ಚೆಯ ನಾತ ಬರದೇ ಇರುತ್ತದಾ? ಆದರೆ ಮನೆ ಖಾಲಿ ಮಾಡಿಸುವಷ್ಟು ದೊಡ್ಡ ಸಮಸ್ಯೆ ಇದಲ್ಲ. ನಾತವನ್ನು ತೆಗೆಯುವ ಬದಲು ಮುಚ್ಚಲು ಹೋಗುತ್ತೇವೆ, ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ನಾನಿರುವುದು ಬೆಳಗಾವಿಯ ವಡಗಾವಿಯಲ್ಲಿ, ರೈಲಿನ ಡಬ್ಬಿಯಂತೆ ಉದ್ದಕ್ಕಿರುವ ಹಳೆಯ ನೇಕಾರರ ಮನೆಯೊಂದರ ಅರ್ಧ ಭಾಗದಲ್ಲಿ. ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಕಿಟಕಿ ಇಲ್ಲ. ಎರಡು ಬೆಕ್ಕುಗಳಿವೆ. ತಂದವಳು ಮಗಳು, ಸಾಕುತ್ತಿರುವವರು ನಾನು ಮತ್ತು ನನ್ನ ಹೆಂಡತಿ, ಎಲ್ಲರ ಮನೆ ಕಥೆಯೂ ಇದೇ ಅಲ್ವಾ. ಹೊರಗೆ ಬಿಟ್ಟರೆ ಓಣಿಯ ನಾಯಿಗಳ ಕಾಟ, ಹಾಗಾಗಿ ಒಂದಕ್ಕೂ ಎರಡಕ್ಕೂ ಮನೆಯೊಳಗೇ ಮಣ್ಣು ಹಾಕಿದ ಟ್ರೇ. ಮನೆಗೆ ಬಂದವರು ಮೂಗು ಮುಚ್ಚಿಕೊಳ್ಳುವುದಿಲ್ಲ, ಅದಕ್ಕೇ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಾತ ಎಲ್ಲಿಂದ ಬರುತ್ತದೆ ನೋಡೋಣ. ಸಾಕುಬೆಕ್ಕಿನ ಮೂಲ ಒಣ ಸೀಮೆಯ ಕಾಡುಬೆಕ್ಕು. ಕಡಿಮೆ ನೀರಿನಲ್ಲಿ ಬದುಕುವ ದೇಹ ಅದರದ್ದು, ಹೀಗಾಗಿ ಉಚ್ಚೆ ಗಟ್ಟಿ. ಅದರಲ್ಲಿ ಯೂರಿಯಾ ಜಾಸ್ತಿ, ಕಬ್ಬಿಗೆ ಹಾಕುತ್ತಾರಲ್ಲ ಅದೇ ಯೂರಿಯಾ. ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ. ಕಣ್ಣು ಉರಿಸುವ ಆ ಘಾಟು ಇದೇ. ಈ ಕೆಲಸಕ್ಕೆ ಅವುಗಳಿಗೆ ತೇವ ಬೇಕು, ಒಂದಿಷ್ಟು ಹೊತ್ತು ಬೇಕು, ಸೆಕೆಯಿದ್ದರೆ ಇನ್ನೂ ಚುರುಕು. ಉಚ್ಚೆಯನ್ನು ಬೇಗ ಎತ್ತಿಬಿಟ್ಟರೆ ಅಮೋನಿಯಾ ಹುಟ್ಟುವುದಕ್ಕೇ ಪುರಸೊತ್ತು ಸಿಗುವುದಿಲ್ಲ.

ಹಾಗಂತ ಬೆಕ್ಕಿಗೆ ನೀರು ಕಡಿಮೆ ಇಡುವ ಬುದ್ಧಿವಂತಿಕೆ ಬೇಡ. ನೀರು ಕಡಿಮೆಯಾದರೆ ಉಚ್ಚೆ ಇನ್ನೂ ಗಟ್ಟಿಯಾಗುತ್ತದೆ, ನಾತವೂ ಜಾಸ್ತಿ.

ಈಗ ನಮ್ಮ ಜನ ಮಾಡುವುದನ್ನು ನೋಡಿ. ಊದಿನಕಡ್ಡಿ ಹಚ್ಚುತ್ತಾರೆ, ಮಲ್ಲಿಗೆ ಘಮದ ಸ್ಪ್ರೇ ಹೊಡೆಯುತ್ತಾರೆ. ಮಲ್ಲಿಗೆಯೂ ಅಮೋನಿಯಾವೂ ಸೇರಿ ಬರುವ ವಾಸನೆ ಬರೀ ಅಮೋನಿಯಾಕ್ಕಿಂತ ಕೆಟ್ಟದ್ದು. ಬೆಕ್ಕಿನ ಮೂಗು ನಮ್ಮದಕ್ಕಿಂತ ಬಹಳ ಸೂಕ್ಷ್ಮ, ಆ ಘಮ ತಡೆಯಲಾರದೆ ಅದು ಟ್ರೇ ಬಿಟ್ಟು ಗಾದಿಯ ಮೇಲೆ ಹೋಗುತ್ತದೆ. ಇನ್ನು ಕೆಲವರು ಟ್ರೇಯನ್ನು ಫಿನಾಯಿಲ್ ಹಾಕಿ ತೊಳೆಯುತ್ತಾರೆ. ದಯವಿಟ್ಟು ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ನಮ್ಮ ಲಿವರ್ ಒಡೆದು ಹೊರಹಾಕುವಂತೆ ಬೆಕ್ಕಿನ ಲಿವರ್ ಹಾಕಲಾರದು. ಅದು ಟ್ರೇಯಲ್ಲಿ ಕಾಲಿಡುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ, ವಿಷ ಸೀದಾ ಹೊಟ್ಟೆಗೆ. ಬಟ್ಟೆಯ ಟ್ರಂಕಿನಲ್ಲಿಡುವ ನುಸಿ ಗುಳಿಗೆಯನ್ನು ಟ್ರೇ ಪಕ್ಕ ಇಡುವವರೂ ಇದ್ದಾರೆ, ಅದೂ ಬೆಕ್ಕಿಗೆ ವಿಷವೇ. ಬ್ಲೀಚಿಂಗ್ ಪೌಡರ್ ಅಂತೂ ಮನುಷ್ಯರಿಗೇ ಅಪಾಯ. ಉಚ್ಚೆಯ ಅಮೋನಿಯಾ ಜೊತೆ ಕ್ಲೋರಿನ್ ಸೇರಿದರೆ ಕ್ಲೋರಮೈನ್ ಎಂಬ ಗಾಳಿ ಏಳುತ್ತದೆ. ಸಣ್ಣ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ತೊಳೆಯುವವರಿಗೆ ಎದೆ ಹಿಡಿದುಕೊಂಡು ಕೆಮ್ಮು ಬರುವುದು ಅದರಿಂದಲೇ.

ಹಿರಿಯರು ಹೇಳುವ ಒಲೆಯ ಬೂದಿಯ ಉಪಾಯವೂ ಇಲ್ಲಿ ನಡೆಯುವುದಿಲ್ಲ. ಬೂದಿ, ಸುಣ್ಣ ಎರಡೂ ಕ್ಷಾರ. ತೇವದಲ್ಲಿ ಸುಮ್ಮನೆ ಕೂತಿದ್ದ ಅಮೋನಿಯಾವನ್ನು ಅವು ಗಾಳಿಗೆ ಎಬ್ಬಿಸುತ್ತವೆ. ಸುಣ್ಣ ಬೆಕ್ಕಿನ ಪಾದವನ್ನೂ ಸುಡುತ್ತದೆ. ಅಡುಗೆ ಸೋಡಾ ಬಗ್ಗೆ ಎಲ್ಲರೂ ಬಹಳ ಹೊಗಳುತ್ತಾರೆ. ಟ್ರೇಯ ತಳಕ್ಕೆ ಒಂದು ಚಮಚ ಉದುರಿಸಿದರೆ ಕೆಡುಕಿಲ್ಲ, ಹುಳಿ ವಾಸನೆಗಳನ್ನು ಅದು ಹಿಡಿಯುತ್ತದೆ. ಆದರೆ ಅದೂ ಸ್ವಲ್ಪ ಕ್ಷಾರವೇ ಆದ್ದರಿಂದ ಅಮೋನಿಯಾದ ಮೇಲೆ ಅದರ ಆಟ ಹೆಚ್ಚು ನಡೆಯುವುದಿಲ್ಲ. ಅಮೋನಿಯಾಕ್ಕೆ ಬೇಕಿರುವುದು ಆಮ್ಲ. ಕಿರಾಣಿ ಅಂಗಡಿಯ ಬಿಳಿ ವಿನೆಗರ್ ನೀರಿಗೆ ಬೆರೆಸಿ ಟ್ರೇ ತೊಳೆದು, ಆಮೇಲೆ ಬಿಸಿನೀರು, ಸೋಪು ಹಾಕಿ ತೊಳೆದು ಬಿಸಿಲಿಗೆ ಒಣಗಿಸಿ. ಅಷ್ಟು ಸಾಕು.

ಮಣ್ಣಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅದು ನನ್ನ ಕಸುಬಿಗೆ ಹತ್ತಿದ್ದು. ನಾನು ಉದ್ಯಮಬಾಗದ ಫೌಂಡ್ರಿಯಲ್ಲಿ ಮೋಲ್ಡಿಂಗ್ ಕೆಲಸ ಮಾಡಿದವನು. ಕಬ್ಬಿಣ ಹೊಯ್ಯುವ ಅಚ್ಚಿನ ಉಸುಕು ಉದುರದೆ ನಿಲ್ಲಲು ಅದಕ್ಕೆ ಬೆಂಟೋನೈಟ್ ಎಂಬ ಮಣ್ಣು ಬೆರೆಸುತ್ತೇವೆ. ನೀರು ತಾಗಿದರೆ ಅದು ಉಬ್ಬಿ ಅಂಟಾಗುತ್ತದೆ. ಗುಜರಾತಿನ ಕಚ್ಛ್ ಕಡೆಯಿಂದ, ರಾಜಸ್ಥಾನದಿಂದ ಲಾರಿಯಲ್ಲಿ ಬರುವ ಮಣ್ಣು. ಪೆಟ್ ಅಂಗಡಿಯಲ್ಲಿ ಬಣ್ಣಬಣ್ಣದ ಚೀಲದಲ್ಲಿ ನೂರಾರು ರೂಪಾಯಿಗೆ ಮಾರುವ ಉಂಡೆಗಟ್ಟುವ ಲಿಟರ್, ಅಂದರೆ ಬೆಕ್ಕಿನ ಟ್ರೇಗೆ ಹಾಕುವ ಮಣ್ಣು, ಇದೇ ಬೆಂಟೋನೈಟ್! ಉಚ್ಚೆ ಬಿದ್ದ ಜಾಗ ಉಂಡೆಯಾಗುತ್ತದೆ, ಜರಡಿ ಸೌಟಿನಲ್ಲಿ ಅಷ್ಟನ್ನೇ ಎತ್ತಿ ಎಸೆದರೆ ಉಳಿದ ಮಣ್ಣು ಒಣಗಿಯೇ ಇರುತ್ತದೆ. ಹಾಗಂತ ಫೌಂಡ್ರಿಯಿಂದ ಒಂದು ಚೀಲ ತಂದು ಸುರಿಯಬೇಡಿ. ಅದು ಹಿಟ್ಟಿನಂಥ ಪುಡಿ, ಬೆಕ್ಕು ಕೆದರಿದಾಗ ಏಳುವ ಧೂಳು ಅದರ ಶ್ವಾಸಕ್ಕೂ ನಿಮ್ಮ ಶ್ವಾಸಕ್ಕೂ ಒಳ್ಳೆಯದಲ್ಲ. ಲಿಟರ್‌ಗೆ ಅದನ್ನು ಕಾಳಿನಂತೆ ಮಾಡಿರುತ್ತಾರೆ.

ಈ ವ್ಯಾಪಾರ ಶುರುವಾದದ್ದೂ ಕಾರ್ಖಾನೆಯ ಕಡೆಯಿಂದಲೇ. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಎಂಬುವರ ಮನೆಯವರು ವರ್ಕ್‌ಶಾಪ್ ನೆಲದ ಮೇಲಿನ ಎಣ್ಣೆ, ಗ್ರೀಸ್ ಹೀರುವ ಮಣ್ಣು ಮಾರುತ್ತಿದ್ದರು. ಪರಿಚಯದ ಹೆಂಗಸೊಬ್ಬರು ಬೆಕ್ಕಿಗೆ ಬೂದಿ ಹಾಕಿ ಹಾಕಿ ಮನೆಯೆಲ್ಲ ಕಪ್ಪು ಹೆಜ್ಜೆಯಾಗಿ ಬೇಸತ್ತು ಉಸುಕು ಕೇಳಲು ಬಂದರು. ಲೋ ಉಸುಕಿನ ಬದಲು ಆ ಮಣ್ಣು ಕೊಟ್ಟು ಕಳಿಸಿದರು. ಅದು ನಮ್ಮ ಹೆಣ್ಣುಮಕ್ಕಳು ಮುಖಕ್ಕೆ ಹಚ್ಚಿಕೊಳ್ಳುವ ಮುಲ್ತಾನಿ ಮಿಟ್ಟಿಯ ಜಾತಿಯ ಮಣ್ಣು. ಉಂಡೆಗಟ್ಟುವ ಬೆಂಟೋನೈಟ್ ಬಂದದ್ದು ಎಷ್ಟೋ ವರ್ಷ ಆದಮೇಲೆ, 1980ರ ದಶಕದಲ್ಲಿ.

ಅಷ್ಟು ದುಡ್ಡು ಎಲ್ಲರಿಗೂ ಆಗುವುದಿಲ್ಲ, ಗೊತ್ತು. ನಮ್ಮಲ್ಲಿ ಜಾಸ್ತಿ ಜನ ಹಾಕುವುದು ಉಸುಕು. ಉಸುಕು ಏನನ್ನೂ ಹೀರುವುದಿಲ್ಲ, ಉಚ್ಚೆ ಸೀದಾ ತಳಕ್ಕಿಳಿದು ಅಲ್ಲೇ ಕೊಳೆಯುತ್ತದೆ, ಮೇಲೆ ನೋಡಿದರೆ ಎಲ್ಲ ಸ್ವಚ್ಛ. ಅದಕ್ಕಿಂತ ಒಣಗಿದ ಎರೆ ಮಣ್ಣು ಎಷ್ಟೋ ವಾಸಿ. ಬಾಗಲಕೋಟೆ, ವಿಜಯಪುರದ ಕಡೆಯವರಿಗೆ ಹೇಳಬೇಕಿಲ್ಲ, ಮಳೆ ಬಿದ್ದರೆ ಉಬ್ಬುವ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವ ಮಣ್ಣು ಅದು. ಉಬ್ಬುವುದಕ್ಕೆ ಕಾರಣ ಬೆಂಟೋನೈಟ್‌ನಲ್ಲಿರುವ ಖನಿಜವೇ ಅದರಲ್ಲೂ ಇರುವುದು. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಹೆಂಟೆ ಒಡೆದು, ಜರಡಿ ಹಿಡಿದು ಧೂಳು ತೆಗೆದು ಹಾಕಿ. ಬೆಕ್ಕಿನ ಕಾಲಿಗೆ ಮೆತ್ತುತ್ತದೆ ಅನ್ನುವುದು ಅದರ ದೋಷ, ನೆಲ ಒರೆಸುವವರು ಬೈಯುತ್ತಾರೆ. ಸಾ ಮಿಲ್‌ನ ಕಟ್ಟಿಗೆ ಹೊಟ್ಟು ಕೂಡ ನಡೆಯುತ್ತದೆ, ಆದರೆ ಪ್ಲೈವುಡ್ ಕೊಯ್ದ ಹೊಟ್ಟು ಬೇಡ, ಅದರಲ್ಲಿ ಅಂಟಿನ ರಾಸಾಯನಿಕ ಇರುತ್ತದೆ. ಹೊಟ್ಟು ಉಂಡೆ ಕಟ್ಟುವುದಿಲ್ಲವಾದ್ದರಿಂದ ಪೂರ್ತಿ ಬೇಗ ಬೇಗ ಬದಲಿಸಬೇಕು.

ಯಾವ ಮಣ್ಣಾದರೂ ಎರಡು ಮೂರು ಇಂಚು ದಪ್ಪ ಇರಲಿ. ತೆಳ್ಳಗೆ ಹಾಕಿದರೆ ಉಂಡೆ ತಳಕ್ಕೆ ಅಂಟುತ್ತದೆ, ಕೆರೆದು ತೆಗೆಯುವಾಗ ಪ್ಲಾಸ್ಟಿಕ್‌ಗೆ ಗೀರು ಬೀಳುತ್ತದೆ, ಆ ಗೀರಿನಲ್ಲಿ ಕೂತ ನಾತ ಎಷ್ಟು ತೊಳೆದರೂ ಹೋಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಟ್ರೇ ಆಗಾಗ ಬದಲಿಸಬೇಕು ಅನ್ನುವುದು ಇದಕ್ಕೇ. ಆಳದ ಸ್ಟೀಲ್ ಟ್ರೇ ಸಿಕ್ಕರೆ ಬಿಡಬೇಡಿ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ಒಂದು ಸಲ, ರಾತ್ರಿ ಮಲಗುವ ಮೊದಲು ಒಂದು ಸಲ ಎತ್ತಿ. ಎರಡು ನಿಮಿಷದ ಕೆಲಸ, ಸುಮ್ನೆ ದೊಡ್ಡದು ಮಾಡುತ್ತೇವೆ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಟ್ರೇ ಜಾಸ್ತಿ ಇರಬೇಕು ಅಂತ ತಿಳಿದವರು ಹೇಳುತ್ತಾರೆ. ಎರಡು ಬೆಕ್ಕಿಗೆ ಮೂರು ಟ್ರೇ ಇಟ್ಟರೆ ನಮ್ಮಂಥ ಮನೆಯಲ್ಲಿ ಮನುಷ್ಯರು ಕೂಡುವುದೆಲ್ಲಿ? ಎರಡು ಹೊತ್ತು ತಪ್ಪದೆ ಎತ್ತಿದರೆ ಎರಡು ಟ್ರೇಯಲ್ಲಿ ನಡೆದುಹೋಗುತ್ತದೆ. ಮುಚ್ಚಳವಿರುವ ಗೂಡಿನಂಥ ಟ್ರೇಗಳನ್ನು ಅಂಗಡಿಯವರು ಹೊಗಳುತ್ತಾರೆ. ನಾತ ಹೊರಗೆ ಬರುವುದಿಲ್ಲ ನಿಜ, ಒಳಗೇ ತುಂಬಿಕೊಂಡಿರುತ್ತದೆ, ನಮಗೆ ಕಾಣದ್ದರಿಂದ ಎತ್ತುವುದನ್ನೂ ಮರೆಯುತ್ತೇವೆ.

ಟ್ರೇ ಇಡುವ ಜಾಗ ಹಿತ್ತಲ ಬಾಗಿಲ ಹತ್ತಿರ, ಗಾಳಿ ಹೊರಗೆ ಹೋಗುವ ಕಡೆ ಇರಲಿ. ಒದ್ದೆ ಬಚ್ಚಲು ಬೇಡ, ಊಟದ ತಟ್ಟೆಯ ಪಕ್ಕವೂ ಬೇಡ. ವಿಜಯಪುರದ ಬಿಸಿಲಿಗೆ ಎಲ್ಲ ತಾನೇ ಒಣಗುತ್ತದೆ. ನಮ್ಮ ಬೆಳಗಾವಿಯ ಮಳೆಗಾಲ ಹಾಗಲ್ಲ, ಜೂನ್‌ನಿಂದ ಸೆಪ್ಟೆಂಬರ್ ತನಕ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಟ್ರೇ ಮಣ್ಣು ಎಲ್ಲಿ ಒಣಗೀತು? ಆ ತಿಂಗಳುಗಳಲ್ಲಿ ಪೂರ್ತಿ ಮಣ್ಣು ಬೇಗ ಬದಲಿಸಲೇಬೇಕು.

ಇಷ್ಟೆಲ್ಲ ಮಾಡಿದರೂ ನಾತ ಹೋಗದಿದ್ದರೆ ಮನೆಯಲ್ಲಿ ಸಂತಾನಹರಣ ಆಪರೇಷನ್ ಆಗದ ಗಂಡು ಬೆಕ್ಕು ಇದೆಯಾ ನೋಡಿ. ಪ್ರಾಯಕ್ಕೆ ಬಂದ ಗಂಡಿನ ಉಚ್ಚೆಯಲ್ಲಿ ಫೆಲಿನೈನ್ ಎಂಬ ಗಂಧಕದ ಅಂಶವಿರುವ ವಸ್ತು ಜಾಸ್ತಿ, ಅದು ಒಡೆದಾಗ ಬರುವ ನಾತಕ್ಕೆ ಯಾವ ಮಣ್ಣೂ ಸಾಲದು. ಮೇಲಾಗಿ ಅದು ಗೋಡೆಗೆಲ್ಲ ಸಿಂಪಡಿಸುತ್ತದೆ. 5-6 ತಿಂಗಳಿಗೆ ಪಶುವೈದ್ಯರ ಹತ್ತಿರ ಆಪರೇಷನ್ ಮಾಡಿಸಿದರೆ ಇದು ಬಹಳಷ್ಟು ತಗ್ಗುತ್ತದೆ. ಇನ್ನೊಂದು ಮಾತು. ಗಂಡು ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕೂತು ತಿಣುಕಿದರೂ ಏನೂ ಬರದಿದ್ದರೆ ಅದು ಮೂತ್ರ ಕಟ್ಟಿದ್ದು. ನಾಳೆ ನೋಡೋಣ ಅನ್ನಬೇಡಿ, ಅವತ್ತೇ ವೈದ್ಯರ ಹತ್ತಿರ ಓಡಿ.

ಸೊಸೆ ಬಸುರಿ ಎಂದು ಗೊತ್ತಾದ ಕೂಡಲೇ ಬೆಕ್ಕನ್ನು ಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬರುವವರನ್ನು ನೋಡಿದ್ದೇನೆ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಇರಬಹುದು, ಹೆದರಿಕೆ ಸುಳ್ಳಲ್ಲ. ಆದರೆ ಮಲ ಬಿದ್ದ ಮೇಲೆ ಅದು ರೋಗ ಹರಡುವ ಹಂತಕ್ಕೆ ಬರಲು 1ರಿಂದ 5 ದಿನ ಬೇಕು. ದಿನಾ ಎತ್ತುವ ಮನೆಯಲ್ಲಿ ಅಪಾಯ ಬಹಳ ಕಡಿಮೆ. ಬಸುರಿ ಹೆಣ್ಣುಮಗಳು ಟ್ರೇ ಮುಟ್ಟದಿರಲಿ, ಆ ಒಂಬತ್ತು ತಿಂಗಳು ಮಗ ಎತ್ತಲಿ, ಕೈಯೇನೂ ಸವೆಯುವುದಿಲ್ಲ.

ಕೊನೆಗೆ ಎತ್ತಿದ ಉಂಡೆಗಳನ್ನು ಏನು ಮಾಡಬೇಕು ಅನ್ನುವ ಪ್ರಶ್ನೆ. ಸಂಡಾಸಿನಲ್ಲಿ ಹಾಕಿ ನೀರು ಬಿಡಬೇಡಿ, ಬೆಂಟೋನೈಟ್ ಪೈಪಿನಲ್ಲಿ ಉಬ್ಬಿ ಕೂತರೆ ಪ್ಲಂಬರ್ ಕೂಲಿ ಲಿಟರ್ ಚೀಲಕ್ಕಿಂತ ದುಬಾರಿ. ಕಾಯಿಪಲ್ಲೆ ಗಿಡದ ಬುಡಕ್ಕೂ ಬೇಡ. ನಾವು ನಿಮ್ಮ ಪತ್ರಿಕೆಯ ಹಾಳೆಯಲ್ಲೇ ಸುತ್ತಿ ಇಡುತ್ತೇವೆ (ಓದಿ ಮುಗಿಸಿದ ಮೇಲೆ, ಸಂಪಾದಕರು ಬೇಜಾರು ಮಾಡಿಕೊಳ್ಳಬಾರದು). ಆದರೆ ಅದನ್ನು ಹಸಿ ಕಸಕ್ಕೆ ಹಾಕಬೇಕೋ ಒಣ ಕಸಕ್ಕೋ, ಇಲ್ಲಾ ಡೈಪರ್‌ಗಳ ಜೊತೆ ಬೇರೆ ಕೊಡಬೇಕೋ, ಕಸದ ಗಾಡಿಯ ಹಾಡಿನಲ್ಲಿ ಇದರ ಸುದ್ದಿಯೇ ಇಲ್ಲ. ಬೆಕ್ಕು, ನಾಯಿ ಸಾಕುವವರು ಹೆಚ್ಚುತ್ತಿರುವ ಊರುಗಳಲ್ಲಿ ನಗರಾಡಳಿತದವರು ಇದನ್ನು ಒಂದು ಸಾಲಿನಲ್ಲಿ ತಿಳಿಸಿದರೆ ಸಾಕು. ಹಾಗೆಯೇ, ನಿಮಗೆ ಪತ್ರ ಬರೆದ ಆ ಓದುಗರು ಮುಂದಿನ ಸಲ ನಾತ ಬಂದಾಗ ಮನೆ ಮಾಲೀಕರ ಹತ್ತಿರ ಹೋಗುವ ಮೊದಲು ಪಕ್ಕದ ಮನೆಯ ಬಾಗಿಲು ಬಡಿದು ಟ್ರೇಗೆ ಏನು ಹಾಕುತ್ತೀರಿ ಎಂದು ಕೇಳಲಿ. ಉಸುಕು ಅಂದರೆ ಈ ಪತ್ರ ಕತ್ತರಿಸಿ ಕೊಡಲಿ.

ಇಂತಿ,
ಒಬ್ಬ ಓದುಗ
ವಡಗಾವಿ, ಬೆಳಗಾವಿ